ಎಳೆಯ ಹಣ್ಣಿನ ಗಿಡಗಳಿಗೆ ಬಿಲದ ಇಲಿಗಳ ಕಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಸದಾಗಿ ನೆಟ್ಟ ಹಣ್ಣಿನ ಗಿಡಗಳನ್ನು ಇಲಿ, ಹೆಗ್ಗಣಗಳು ನೆಲದೊಳಗಿನಿಂದಲೇ ಹಾಳುಮಾಡುತ್ತಿವೆಯೆಂದು ಹಲವು ಓದುಗರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ನೆಟ್ಟು ಒಂದು ವರ್ಷವಾದ ಸೀಬೆ ಮತ್ತು ಅಂಜೂರದ ಗಿಡಗಳು ಚೆನ್ನಾಗಿಯೇ ಬೆಳೆಯುತ್ತಿದ್ದವು. ಇದ್ದಕ್ಕಿದ್ದಂತೆ ಎರಡು ಗಿಡಗಳ ಎಲೆಗಳು ಜೋತುಬಿದ್ದವು. ನೀರು ಹೆಚ್ಚಿಸಿದರೂ ಚೇತರಿಸಿಕೊಳ್ಳಲಿಲ್ಲ. ಒಂದನ್ನು ಹಿಡಿದು ಅಲ್ಲಾಡಿಸಿದಾಗ ಗಿಡವೇ ಕೈಗೆ ಬಂತು, ಕೆಳಗೆ ಬೇರೇ ಇರಲಿಲ್ಲ. ಇದು ಇಲಿಯ ಕೆಲಸವೇ, ಗೆದ್ದಲೇ, ಅಥವಾ ಬೇರು ಕೊಳೆಯುವ ರೋಗವೇ?

ಉತ್ತರ: ನೀವು ವಿವರಿಸಿದ ರೀತಿಯನ್ನು ನೋಡಿದರೆ ಇಲಿ ಜಾತಿಯ ಪ್ರಾಣಿಯ ಮೇಲೆಯೇ ಅನುಮಾನ ಹೆಚ್ಚು. ಆದರೆ ಅನುಮಾನವನ್ನು ಖಚಿತಪಡಿಸಿಕೊಳ್ಳದೆ ಮುಂದಿನ ಕ್ರಮ ಕೈಗೊಳ್ಳಬೇಡಿ. ಗೆದ್ದಲಿಗೆ, ಕೊಳೆರೋಗಕ್ಕೆ ಮತ್ತು ಇಲಿಗೆ ಮಾಡಬೇಕಾದ ಉಪಚಾರಗಳು ಒಂದಕ್ಕೊಂದು ಸಂಬಂಧವೇ ಇಲ್ಲದವು.

ಕಿತ್ತುಬಂದ ಗಿಡವನ್ನು ಎಸೆಯದೆ, ಬುಡದ ಭಾಗವನ್ನು ನೀರಿನಲ್ಲಿ ತೊಳೆದು ಬೆಳಕಿನಲ್ಲಿ ಹಿಡಿದು ನೋಡಿ. ಇಲಿ ಕಡಿದಿದ್ದರೆ ಬೇರು ತುಂಡಾದ ಜಾಗದಲ್ಲಿ ಕಟ್ಟಿಗೆ ಗಟ್ಟಿಯಾಗಿ, ತಿಳಿ ಬಣ್ಣದಲ್ಲಿಯೇ ಉಳಿದಿರುತ್ತದೆ. ಅದರ ಮೇಲೆ ಸಣ್ಣ ಉಳಿಯಿಂದ ಕೆತ್ತಿದಂತೆ ಅಕ್ಕಪಕ್ಕದಲ್ಲಿ ಎರಡೆರಡು ಗೀರುಗಳು ಕಾಣುತ್ತವೆ. ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ಜೋಡಿಗಳು ಬಿಟ್ಟ ಗುರುತು ಅದು. ಸಣ್ಣ ಇಲಿಗಳ ಗೀರು ಒಂದೆರಡು ಮಿಲಿಮೀಟರ್ ಅಗಲವಿದ್ದರೆ, ಹೆಗ್ಗಣದ ಗೀರು ಇನ್ನೂ ಅಗಲವಾಗಿ, ಆಳವಾಗಿ ಇರುತ್ತದೆ. ಕೊಳೆರೋಗವಾಗಿದ್ದರೆ ಬೇರು ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ, ಹಿಚುಕಿದರೆ ಸಿಪ್ಪೆ ಜಾರಿ ಬರುತ್ತದೆ, ವಾಸನೆಯೂ ಇರಬಹುದು. ಗೆದ್ದಲು ತಿಂದಲ್ಲಿ ಮಣ್ಣಿನ ಹೊದಿಕೆ, ಮಣ್ಣಿನ ಕೊಳವೆಗಳು ಕಾಣುತ್ತವೆ ಮತ್ತು ಕಟ್ಟಿಗೆ ಒಳಗಿನಿಂದ ಟೊಳ್ಳಾಗಿರುತ್ತದೆ. ಗೊಣ್ಣೆಹುಳು ಎಳೆಯ ಬೇರುಗಳನ್ನು ಮತ್ತು ಅವುಗಳ ಸಿಪ್ಪೆಯನ್ನು ತಿನ್ನುತ್ತದೆಯೇ ಹೊರತು ಹಲ್ಲಿನ ಗುರುತು ಬಿಡುವುದಿಲ್ಲ. ಅಗೆದರೆ ಹುಳುವೇ ಸಿಗುತ್ತದೆ.

ಇನ್ನೊಂದು ಗಿಡ ಇನ್ನೂ ನಿಂತಿದೆಯಾದ್ದರಿಂದ ಅದನ್ನು ಎಳೆಯಬೇಡಿ. ಕಾಂಡವನ್ನು ಮೆಲ್ಲಗೆ ಹಿಡಿದು ಒಂದು ಕಡೆಗೆ ಒತ್ತಿ ನೋಡಿದಾಗ ಬುಡದ ಮಣ್ಣು ಒಂದು ಪಕ್ಕದಲ್ಲಿ ಮಾತ್ರ ಎದ್ದುಬಂದರೆ, ಆ ಪಕ್ಕದ ಬೇರುಗಳು ಹೋಗಿವೆಯೆಂದು ಅರ್ಥ. ಸ್ವಲ್ಪ ಬೇರು ಉಳಿದಿದ್ದರೂ ಗಿಡವನ್ನು ಉಳಿಸಲು ಸಾಧ್ಯವಿದೆ: ಬಿಲವನ್ನು ಒಡೆದು ಬೇರಿನ ಸುತ್ತ ಮಣ್ಣು ತುಂಬಿ ಗಟ್ಟಿಯಾಗಿ ಅದುಮಿ, ಗೂಟಕ್ಕೆ ಕಟ್ಟಿ, ಉಳಿದ ಬೇರು ಹೊರಲಾರದಷ್ಟು ಎಲೆಭಾರವನ್ನು ಸವರಿ ತೆಗೆಯಿರಿ. ಬೇರಿನ ಸುತ್ತ ಟೊಳ್ಳು ಉಳಿದರೆ ಎಷ್ಟು ನೀರು ಕೊಟ್ಟರೂ ಅದು ಬಿಲದಲ್ಲಿ ಇಳಿದುಹೋಗುತ್ತದೆ. ನೀರು ಹೆಚ್ಚಿಸಿಯೂ ನಿಮ್ಮ ಗಿಡಗಳು ಚೇತರಿಸಿಕೊಳ್ಳದಿರಲು ಇದೂ ಒಂದು ಕಾರಣವಾಗಿರಬಹುದು.

ಪ್ರಶ್ನೆ: ತೋಟದಲ್ಲಿ ಬಗೆಬಗೆಯ ಬಿಲಗಳಿವೆ. ಕೆಲವು ತೆರೆದಿವೆ, ಕೆಲವುಗಳ ಬಾಯಿಗೆ ಮಣ್ಣು ಮುಚ್ಚಿದೆ. ಯಾವ ಬಿಲದಲ್ಲಿ ಯಾವ ಪ್ರಾಣಿಯಿದೆ, ಯಾವುದು ಖಾಲಿ ಎಂದು ತಿಳಿಯುವುದು ಹೇಗೆ?

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಸುಲಭ, ಅದನ್ನೇ ಮೊದಲು ಹೇಳಬಹುದು. ಸಂಜೆ ತೋಟದಲ್ಲಿರುವ ಎಲ್ಲ ಬಿಲಗಳ ಬಾಯಿಯನ್ನೂ ಮಣ್ಣಿನಿಂದ ಮುಚ್ಚಿ, ಮಣ್ಣಿನ ಗುಡ್ಡೆಗಳನ್ನೂ ಕಾಲಿನಿಂದ ಮಟ್ಟಮಾಡಿ, ಪ್ರತಿಯೊಂದರ ಪಕ್ಕದಲ್ಲಿ ಒಂದು ಕಡ್ಡಿ ನೆಡಿ. ಮರುದಿನ ಬೆಳಿಗ್ಗೆ ಮತ್ತೆ ತೆರೆದ ಬಿಲಗಳಲ್ಲಿ, ಹೊಸ ಮಣ್ಣು ಎದ್ದ ಗುಡ್ಡೆಗಳಲ್ಲಿ ಮಾತ್ರ ಪ್ರಾಣಿಯಿದೆ. ಅನುಮಾನವಿದ್ದರೆ ಇನ್ನೊಂದು ರಾತ್ರಿ ಕಾಯಿರಿ. ಬೋನು ಇಡುವುದಿರಲಿ, ಮತ್ತೇನೇ ಮಾಡುವುದಿರಲಿ, ಈ ಪರೀಕ್ಷೆ ಆಗದ ಹೊರತು ಶ್ರಮವೆಲ್ಲ ಖಾಲಿ ಬಿಲಗಳ ಪಾಲಾಗುತ್ತದೆ. ಯಾವ ಕಾರಣಕ್ಕೂ ಬಿಲದೊಳಗೆ ಕೈ ಹಾಕಬೇಡಿ. ಇಲಿ ಬಿಟ್ಟ ಬಿಲದಲ್ಲಿ ಹಾವು ಇರುವುದು ಅಪರೂಪವಲ್ಲ.

ಇನ್ನು ಯಾವ ಪ್ರಾಣಿ ಎಂಬ ಮಾತು. ಬಿಲದ ಬಾಯಿಯ ಬಳಿ ಹೆಂಟೆಹೆಂಟೆಯಾದ ಮಣ್ಣಿನ ದೊಡ್ಡ ರಾಶಿಯಿದ್ದು, ಬಾಯಿಯನ್ನು ಒಳಗಿನಿಂದಲೇ ಸಡಿಲ ಮಣ್ಣು ತುಂಬಿ ಮುಚ್ಚಿದ್ದರೆ ಅದು ಸಾಮಾನ್ಯವಾಗಿ ಹೆಗ್ಗಣದ ಬಿಲ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಹೊಲ, ತೋಟಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವ ಇಲಿ ಜಾತಿಯ ಪ್ರಾಣಿಗಳಲ್ಲಿ ಇದೂ ಒಂದು. ಬಾಯಿ ತೆರೆದೇ ಇದ್ದು, ಸುತ್ತ ಮಣ್ಣಿನ ರಾಶಿ ಅಷ್ಟಾಗಿ ಇಲ್ಲದ ಬಿಲಗಳು ಒಣನೆಲದಲ್ಲಿ ಕಂಡರೆ, ಬಾಲದ ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚಿರುವ ಜರ್ಬಿಲ್ ಎಂಬ ಬಯಲಿಲಿ ಇರಬಹುದು. ಉತ್ತರ ಹಾಗೂ ಮಧ್ಯ ಅಮೆರಿಕಗಳಲ್ಲಿ ಇದೇ ಹಾನಿಯನ್ನು ಗೋಫರ್ ಮಾಡುತ್ತದೆ. ಕೆನ್ನೆಯ ಹೊರಗೆ ತುಪ್ಪಳವುಳ್ಳ ಚೀಲಗಳಿರುವ ಈ ಪ್ರಾಣಿ ಬದುಕಿನ ಬಹುಭಾಗವನ್ನು ನೆಲದಡಿಯಲ್ಲಿಯೇ ಕಳೆಯುತ್ತದೆ. ಅದು ಹೊರಹಾಕಿದ ಮಣ್ಣು ಬೀಸಣಿಗೆಯ ಆಕಾರದಲ್ಲಿ ಒಂದೇ ಪಕ್ಕಕ್ಕೆ ಹರಡಿರುತ್ತದೆ, ಬಾಯಿ ಮುಚ್ಚಿರುತ್ತದೆ. ಯೂರೋಪ್, ಉತ್ತರ ಅಮೆರಿಕ ಮತ್ತು ಏಷ್ಯಾದ ತಂಪು ಪ್ರದೇಶಗಳಲ್ಲಿ ವೋಲ್ ಎಂಬ ಗಿಡ್ಡ ಬಾಲದ ಇಲಿಗಳು ಹುಲ್ಲಿನ ಅಡಿಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಅಗಲದ ಓಡುದಾರಿಗಳನ್ನು ಮಾಡಿಕೊಂಡು, ಗಿಡದ ಬುಡದ ತೊಗಟೆಯನ್ನು ಸುತ್ತಲೂ ಕೆರೆದು ತಿನ್ನುತ್ತವೆ. ಅವುಗಳಲ್ಲಿ ಕೆಲವು ಜಾತಿಗಳು ನೆಲದಡಿಯಲ್ಲಿಯೇ ಇದ್ದು ಬೇರನ್ನೂ ತಿನ್ನುತ್ತವೆ.

ಈ ಗುರುತುಗಳು ನೂರಕ್ಕೆ ನೂರು ಖಚಿತವೆಂದು ಹೇಳಲಾಗದು, ಏಕೆಂದರೆ ಒಂದು ಪ್ರಾಣಿ ತೋಡಿದ ಬಿಲದಲ್ಲಿ ಇನ್ನೊಂದು ಬಂದು ಸೇರಿಕೊಳ್ಳುತ್ತದೆ. ಆದರೆ ಪ್ರಾಣಿಯ ಗಾತ್ರ ಮತ್ತು ಅದು ಗಿಡವನ್ನು ಎಲ್ಲಿಂದ ತಿನ್ನುತ್ತದೆ, ನೆಲದ ಮೇಲಿನಿಂದಲೋ ಕೆಳಗಿನಿಂದಲೋ, ಎಂಬ ಎರಡು ಸಂಗತಿಗಳು ತಿಳಿದರೆ ರಕ್ಷಣೆಗೆ ಬೇಕಾದಷ್ಟು ತಿಳಿದಂತೆ.

ಪ್ರಶ್ನೆ: ಗುಂಡಿಯೊಳಗೆ ತಂತಿಯ ಬುಟ್ಟಿ ಇಟ್ಟು ಅದರಲ್ಲಿ ಗಿಡ ನೆಡಬೇಕೆಂದು ಕೇಳಿದ್ದೇನೆ. ಎಷ್ಟು ದೊಡ್ಡ ಬುಟ್ಟಿ, ಯಾವ ಜಾಲರಿ? ಮುಂದೆ ಬೇರುಗಳು ದಪ್ಪವಾದಾಗ ತಂತಿಯೇ ಗಿಡದ ಕತ್ತು ಹಿಸುಕುವುದಿಲ್ಲವೇ?

ಉತ್ತರ: ನೆಲದಡಿಯಿಂದ ಬರುವ ಹಾನಿಗೆ ನಂಬಬಹುದಾದ ರಕ್ಷಣೆ ಇದೊಂದೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ, ಮತ್ತು ಇದನ್ನು ಮಾಡಲು ಸರಿಯಾದ ದಿನ ಗಿಡ ನೆಡುವ ದಿನವೇ. ಬೋನು, ಪಾಷಾಣ, ಗೂಬೆ ಎಲ್ಲವೂ ಇಲಿಗಳ ಸಂಖ್ಯೆಯನ್ನು ತಗ್ಗಿಸಬಹುದು. ಆದರೆ ಎಳೆಯ ಗಿಡವನ್ನು ಕೊಲ್ಲಲು ಒಂದೇ ಒಂದು ಪ್ರಾಣಿ, ಒಂದೇ ಒಂದು ರಾತ್ರಿ ಸಾಕು.

ಜಾಲರಿಯ ಕಣ್ಣಿನ ಅಳತೆ ಮುಖ್ಯ. ಹೆಗ್ಗಣ, ಗೋಫರ್‌ನಂತಹ ದೊಡ್ಡ ಪ್ರಾಣಿಗಳಿಗೆ ಅರ್ಧ ಅಂಗುಲದ, ಅಂದರೆ ಸುಮಾರು 12 ಮಿಲಿಮೀಟರ್ ಕಣ್ಣಿನ ಜಾಲರಿ ಸಾಕು. ವೋಲ್ ಮತ್ತು ಸಣ್ಣ ಇಲಿಗಳಿಗಾದರೆ ಕಾಲು ಅಂಗುಲದ, ಅಂದರೆ ಸುಮಾರು 6 ಮಿಲಿಮೀಟರ್ ಕಣ್ಣು ಬೇಕು, ಏಕೆಂದರೆ ತಲೆ ತೂರುವಷ್ಟು ಸಂದಿಯಿದ್ದರೆ ಅವುಗಳ ಮೈಯೂ ತೂರುತ್ತದೆ. ಜಾಲರಿ ಸತುವಿನ ಲೇಪನವಿರುವ ಬೆಸುಗೆ ಜಾಲರಿಯಾಗಿರಲಿ. ಕೋಳಿಗೂಡಿಗೆ ಬಳಸುವ ತೆಳುವಾದ ಆರುಮೂಲೆಯ ಜಾಲರಿ ಅಗ್ಗವೂ ಬಗ್ಗಿಸಲು ಸುಲಭವೂ ಹೌದು, ಆದರೆ ಅದರ ಕಣ್ಣು ದೊಡ್ಡದು, ತಂತಿ ಸಣ್ಣದು. ತೇವದ ಮಣ್ಣಿನಲ್ಲಿ, ಅದರಲ್ಲೂ ಹುಳಿ ಮಣ್ಣಿನಲ್ಲಿ, ಗಿಡಕ್ಕೆ ಬೇರೂರುವ ಮೊದಲೇ ತುಕ್ಕು ಹಿಡಿದು ತುಂಡಾಗುತ್ತದೆ. ಪ್ಲಾಸ್ಟಿಕ್ ಬಲೆಯನ್ನು ನೆಲದಡಿಯಲ್ಲಿ ಬಳಸುವುದು ವ್ಯರ್ಥ. ಇಲಿಗಳ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಅದರ ಮುಂಭಾಗದಲ್ಲಿ ಮಾತ್ರ ಗಟ್ಟಿ ಎನಾಮೆಲ್ ಇದ್ದು ಹಿಂಭಾಗ ಮೆತ್ತಗಿರುವುದರಿಂದ, ಕಡಿದಷ್ಟೂ ಹಿಂಭಾಗ ಸವೆದು ಅಂಚು ಹರಿತವಾಗುತ್ತ ಹೋಗುತ್ತದೆ. ಅಂತಹ ಹಲ್ಲಿಗೆ ಪ್ಲಾಸ್ಟಿಕ್ ಒಂದು ತಡೆಯೇ ಅಲ್ಲ.

ಬುಟ್ಟಿಯ ಅಳತೆಗೆ ಬರೋಣ. ಸಾಮಾನ್ಯ ಕಸಿ ಗಿಡಕ್ಕೆ 60 ಸೆಂಟಿಮೀಟರ್ ಅಡ್ಡಳತೆಯ, ನೆಲದೊಳಗೆ 45ರಿಂದ 60 ಸೆಂಟಿಮೀಟರ್ ಇಳಿಯುವ, ನೆಲದ ಮೇಲೆ ಕನಿಷ್ಠ 15, ಸಾಧ್ಯವಾದರೆ 30 ಸೆಂಟಿಮೀಟರ್ ಎದ್ದು ನಿಲ್ಲುವ ಬುಟ್ಟಿ ಇರಲಿ. ಇದಕ್ಕೆ 2 ಮೀಟರ್ ಉದ್ದದ ಜಾಲರಿ ಬೇಕಾಗುತ್ತದೆ. ಅದನ್ನು ಸುರುಳಿ ಸುತ್ತಿದಾಗ ಅಂಚುಗಳು ಸುಮಾರು 10 ಸೆಂಟಿಮೀಟರ್ ಒಂದರ ಮೇಲೊಂದು ಬರುತ್ತವೆ. ಆ ಭಾಗವನ್ನು ಗೇಣಿಗೊಂದರಂತೆ ಕಟ್ಟುತಂತಿಯಿಂದ ಬಿಗಿಯಿರಿ. ತಳಕ್ಕೆ ಬೇರೆ ತುಂಡನ್ನು ಅಡ್ಡಳತೆಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಹೆಚ್ಚಾದ ಅಂಚನ್ನು ಮೇಲಕ್ಕೆ ಮಡಚಿ ಗೋಡೆಗೆ ಕಟ್ಟಿ. ಬುಟ್ಟಿ ಸೋಲುವುದು ಸಾಮಾನ್ಯವಾಗಿ ಈ ತಳದ ಜೋಡಣೆಯಲ್ಲಿಯೇ. ಎರಡು ಬೆರಳು ತೂರುವ ಸಂದಿ ಉಳಿದರೂ ಅಲ್ಲಿಂದಲೇ ಪ್ರವೇಶವಾಗುತ್ತದೆ. ಕತ್ತರಿಸಿದ ತಂತಿಯ ತುದಿಗಳು ಕೈ ಸೀಳುವಷ್ಟು ಚೂಪಾಗಿರುವುದರಿಂದ ದಪ್ಪ ಕೈಗವಸು ಧರಿಸಿ ಕೆಲಸ ಮಾಡಿ, ಮೇಲಿನ ಅಂಚನ್ನು ಹೊರಕ್ಕೆ ಮಡಚಿ.

ಗುಂಡಿಯಲ್ಲಿ ಬುಟ್ಟಿಯನ್ನು ಇಳಿಸಿದ ಮೇಲೆ ಅದರ ಒಳಗೂ ಹೊರಗೂ ಒಂದೇ ಮಣ್ಣನ್ನು ತುಂಬಿ. ಒಳಗೆ ಬರಿಯ ಗೊಬ್ಬರದ ಮೆತ್ತನೆಯ ಮಿಶ್ರಣ ತುಂಬಿದರೆ ಬೇರುಗಳು ಆ ಸುಖವನ್ನು ಬಿಟ್ಟು ಹೊರಗಿನ ಮಣ್ಣಿಗೆ ಹೋಗುವುದು ತಡವಾಗುತ್ತದೆ. ತುಂಬಿದ ಮಣ್ಣು ನೀರು ಕುಡಿದು ಕೆಳಕ್ಕೆ ಇಳಿಯುವುದರಿಂದ, ಗಿಡವನ್ನು ಅಕ್ಕಪಕ್ಕದ ನೆಲಕ್ಕಿಂತ ತುಸು ಎತ್ತರದಲ್ಲಿ ಕೂರಿಸಿ. ಕಸಿಯ ಗಂಟು ಎಂದೂ ಮಣ್ಣಿನೊಳಗೆ ಹೋಗಬಾರದು.

ತಂತಿ ಬೇರನ್ನು ಹಿಸುಕುವ ಭಯ ಆಧಾರವಿಲ್ಲದ್ದಲ್ಲ. ಎಳೆಯ ಬೇರುಗಳು ಜಾಲರಿಯ ಕಣ್ಣಿನಿಂದ ಸುಲಭವಾಗಿ ಹೊರಗೆ ಹೋಗುತ್ತವೆ; ಅವು ಕಣ್ಣಿಗಿಂತ ದಪ್ಪವಾದಾಗ ತಂತಿ ಒತ್ತುತ್ತದೆ. ಆ ಹೊತ್ತಿಗೆ ಮಾಮೂಲಿ ಸತುಲೇಪಿತ ತಂತಿ ತುಕ್ಕು ಹಿಡಿದು ದುರ್ಬಲವಾಗುತ್ತ ಬಂದಿರುತ್ತದೆ, ಇಲ್ಲವೇ ಬೇರು ತಂತಿಯನ್ನು ಒಳಗೆ ಸೇರಿಸಿಕೊಂಡೇ ಬೆಳೆಯುತ್ತದೆ. ಆದ್ದರಿಂದಲೇ ದೊಡ್ಡದಾಗಿ ಬೆಳೆಯುವ ಮರಗಳಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಬೇಡ. ಬುಟ್ಟಿ ದೊಡ್ಡದಾದಷ್ಟೂ ಈ ಒತ್ತಡದ ಜಾಗ ಕಾಂಡದಿಂದ ದೂರವಾಗುತ್ತದೆ, ಆದ್ದರಿಂದ ಜಾಲರಿಯಲ್ಲಿ ಜಿಪುಣತನ ಮಾಡಬೇಡಿ. ಬಕೆಟ್ ಗಾತ್ರದ ಬುಟ್ಟಿಯಲ್ಲಿ ನೆಟ್ಟ ಮರ ಮುಂದೆ ಸರಿಯಾಗಿ ನೆಲ ಹಿಡಿಯದೆ ಗಾಳಿಗೆ ವಾಲಬಹುದು. ಹಾಗಿದ್ದೂ ಬುಟ್ಟಿಯಿಂದ ಆಗಬಹುದಾದ ಅಲ್ಪ ಹಿನ್ನಡೆಯನ್ನೂ, ಬುಟ್ಟಿಯಿಲ್ಲದೆ ಇಡೀ ಗಿಡವೇ ಹೋಗುವ ಸಾಧ್ಯತೆಯನ್ನೂ ತೂಗಿ ನೋಡಿದರೆ, ಬಿಲಗಳು ಕಣ್ಣಿಗೆ ಬೀಳುತ್ತಿರುವ ನೆಲದಲ್ಲಿ ಬುಟ್ಟಿಯೇ ಸರಿ. ಬಿಲದ ಸುಳಿವೇ ಇಲ್ಲದ ನೆಲದಲ್ಲಿ ಇದರ ಅಗತ್ಯವಿಲ್ಲ.

ಪ್ರಶ್ನೆ: ಮೂರು ವರ್ಷದ ಸೇಬಿನ ಗಿಡದ ಬುಡದಲ್ಲಿ, ನೆಲದಿಂದ ನಾಲ್ಕು ಬೆರಳಿನಷ್ಟು ಎತ್ತರದವರೆಗೆ ತೊಗಟೆಯನ್ನು ಸುತ್ತಲೂ ತಿಂದುಹಾಕಿವೆ. ಎಲೆಗಳು ಮಾತ್ರ ಇನ್ನೂ ಹಸಿರಾಗಿಯೇ ಇವೆ. ಗಿಡ ಉಳಿಯುತ್ತದೆಯೇ?

ಉತ್ತರ: ಎಲೆ ಹಸಿರಾಗಿರುವುದನ್ನು ನೋಡಿ ಸಮಾಧಾನಪಡಬೇಡಿ, ಹಾಗೆಂದು ಆಸೆಯನ್ನೂ ಬಿಡಬೇಡಿ. ಬೇರಿನಿಂದ ನೀರು ಮೇಲೇರುವುದು ಒಳಗಿನ ಕಟ್ಟಿಗೆಯ ಮೂಲಕ; ಅದು ಇನ್ನೂ ಇದೆ, ಆದ್ದರಿಂದ ಎಲೆಗಳು ಹಸಿರಾಗಿವೆ. ಎಲೆಗಳು ತಯಾರಿಸಿದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಆ ದಾರಿ ಪೂರ್ತಿ ಕಡಿದುಹೋಗಿದೆ. ಬೇರುಗಳು ತಮ್ಮಲ್ಲಿರುವ ಸಂಗ್ರಹವನ್ನು ಉಂಡು ಮುಗಿಸುವವರೆಗೆ ಗಿಡ ಆರೋಗ್ಯವಾಗಿಯೇ ಕಾಣಬಹುದು, ಕೆಲವೊಮ್ಮೆ ಹೊಸ ಚಿಗುರನ್ನೂ ಬಿಡಬಹುದು. ಆಮೇಲೆ ಬೇರು ಹಸಿವಿನಿಂದ ಸಾಯುತ್ತದೆ, ಅದರ ಹಿಂದೆಯೇ ಗಿಡವೂ ಹೋಗುತ್ತದೆ.

ಮೊದಲು ಗಾಯವನ್ನು ಹತ್ತಿರದಿಂದ ಪರೀಕ್ಷಿಸಿ. ಸುತ್ತಳತೆಯಲ್ಲಿ ಎಲ್ಲಾದರೂ ಮೇಲಿನಿಂದ ಕೆಳಗಿನವರೆಗೆ ತೊಗಟೆಯ ಒಂದು ಪಟ್ಟಿ ಉಳಿದಿದೆಯೇ? ಅರ್ಧದಷ್ಟು ಉಳಿದಿದ್ದರೆ ಗಿಡ ತಾನೇ ಗಾಯ ಮಾಯಿಸಿಕೊಳ್ಳುತ್ತದೆ. ತಿಂದಿರುವುದು ಈಚೆಗಷ್ಟೇ ಆಗಿದ್ದರೆ, ಕಟ್ಟಿಗೆಯ ಮೇಲೆ ತೇವವಾದ, ಜಾರುವಂತಹ ತೆಳುಪದರ ಇನ್ನೂ ಇದೆಯೇ ನೋಡಿ. ಇದ್ದರೆ ಅದನ್ನು ಕೆರೆಯದೆ, ಮುಟ್ಟದೆ, ಒಣಗದಂತೆ ಕೂಡಲೇ ಸುತ್ತಿ ಮುಚ್ಚಿ. ಅದರಿಂದಲೇ ಹೊಸ ತೊಗಟೆ ಹುಟ್ಟುವ ಸಾಧ್ಯತೆಯಿದೆ. ಕಟ್ಟಿಗೆ ಒಣಗಿ ಗಟ್ಟಿಯಾಗಿದ್ದರೆ ಸೇತುವೆ ಕಸಿಯೊಂದೇ ದಾರಿ, ಅಂದರೆ ಗಾಯದ ಮೇಲಿನ ಮತ್ತು ಕೆಳಗಿನ ತೊಗಟೆಯನ್ನು ಕಡ್ಡಿಗಳಿಂದ ಸೇತುವೆಯಂತೆ ಜೋಡಿಸುವುದು.

ಸೇತುವೆ ಕಸಿಗೆ ಅದೇ ಗಿಡದ, ಅಥವಾ ಅದೇ ಜಾತಿಯ ಇನ್ನೊಂದು ಗಿಡದ, ಹಿಂದಿನ ವರ್ಷದ ಬೆಳವಣಿಗೆಯ ಪೆನ್ಸಿಲ್ ದಪ್ಪದ ಕಡ್ಡಿಗಳು ಬೇಕು. ಸೇಬಿನಂತೆ ಎಲೆ ಉದುರಿಸುವ ಗಿಡಗಳಲ್ಲಿ ಮೊಗ್ಗು ಒಡೆಯುವ ಮೊದಲೇ ಕಡ್ಡಿಗಳನ್ನು ಕತ್ತರಿಸಿ ತೇವವಾಗಿ, ತಂಪಾಗಿ ಇಟ್ಟುಕೊಂಡು, ಗಿಡ ಚಿಗುರತೊಡಗಿ ತೊಗಟೆ ಕಟ್ಟಿಗೆಯಿಂದ ಸಲೀಸಾಗಿ ಬಿಡುವ ಹೊತ್ತಿನಲ್ಲಿ ಕಸಿ ಮಾಡಬೇಕು. ಗಾಯದ ಮೇಲಿನ ಮತ್ತು ಕೆಳಗಿನ ಅಂಚನ್ನು ಹರಿತವಾದ ಚಾಕುವಿನಿಂದ ಆರೋಗ್ಯಕರ ತೊಗಟೆ ಸಿಗುವವರೆಗೆ ಸವರಿ. ಕಡ್ಡಿಯನ್ನು ಗಾಯಕ್ಕಿಂತ ಏಳೆಂಟು ಸೆಂಟಿಮೀಟರ್ ಉದ್ದವಾಗಿ ಕತ್ತರಿಸಿ, ಎರಡೂ ತುದಿಗಳನ್ನು ಬೆಣೆಯ ಆಕಾರಕ್ಕೆ ಹೆರೆದು, ಒಂದು ತುದಿಯನ್ನು ಗಾಯದ ಕೆಳಗಿನ ತೊಗಟೆಯ ಅಡಿಗೂ ಇನ್ನೊಂದನ್ನು ಮೇಲಿನ ತೊಗಟೆಯ ಅಡಿಗೂ ಸೇರಿಸಿ. ಕಡ್ಡಿ ಮರದಲ್ಲಿದ್ದಾಗ ಯಾವ ತುದಿ ಮೇಲಿತ್ತೋ ಅದೇ ತುದಿ ಇಲ್ಲಿಯೂ ಮೇಲಿರಬೇಕು. ತಲೆಕೆಳಗಾಗಿ ಕೂರಿಸಿದ ಕಡ್ಡಿ ಮೊದಲು ಹಿಡಿದಂತೆ ಕಂಡರೂ ಮುಂದೆ ದಪ್ಪವಾಗುವುದಿಲ್ಲ. ಕಡ್ಡಿ ಸ್ವಲ್ಪ ಹೊರಕ್ಕೆ ಬಾಗಿ ನಿಂತಿರಲಿ, ಗಾಳಿಗೆ ಕಾಂಡ ಅಲುಗಿದಾಗ ಆ ಬಾಗು ಎಳೆತವನ್ನು ತಡೆದುಕೊಳ್ಳುತ್ತದೆ. ತುದಿಗಳಿಗೆ ಸಣ್ಣ ಮೊಳೆ ಹೊಡೆದು, ಜೋಡಣೆಯ ಮೇಲೆ ಕಸಿಮೇಣ ಬಳಿಯಿರಿ. ಸುತ್ತಳತೆಯ ಪ್ರತಿ 5 ಸೆಂಟಿಮೀಟರಿಗೆ ಒಂದರಂತೆ ಕಡ್ಡಿಗಳಿದ್ದರೆ ಒಳ್ಳೆಯದು. ಕಡ್ಡಿಯ ಮೇಲೆ ಮೊಗ್ಗು ಚಿಗುರಿದರೆ ಆಗಾಗ ಉಜ್ಜಿ ತೆಗೆಯಿರಿ.

ನಿಮ್ಮ ಗಿಡದ ಕಾಂಡ ಹೆಬ್ಬೆರಳಿಗಿಂತ ಸಣ್ಣದಾಗಿದ್ದರೆ ಈ ಶ್ರಮ ತಕ್ಕುದಲ್ಲ. ಆಗ ಗಾಯ ಎಲ್ಲಿದೆ ನೋಡಿ: ಕಸಿಯ ಗಂಟಿನ ಮೇಲೆ ಒಂದೆರಡು ಬೆರಳಷ್ಟು ಒಳ್ಳೆಯ ತೊಗಟೆ ಉಳಿದಿದ್ದು ಗಾಯ ಅದಕ್ಕೂ ಮೇಲಿದ್ದರೆ, ಗಾಯದ ಕೆಳಗೆ ಕತ್ತರಿಸಿಬಿಡಿ, ಅಲ್ಲಿಂದ ಹೊರಡುವ ಚಿಗುರು ನೀವು ಬಯಸಿದ ತಳಿಯದೇ ಆಗಿರುತ್ತದೆ. ಗಾಯ ಗಂಟಿನ ಕೆಳಗಿದ್ದರೆ ಬರುವ ಚಿಗುರು ಬೇರುಗಿಡದ್ದು, ಅಂದರೆ ನಿಮ್ಮ ತಳಿಯನ್ನು ಯಾವುದರ ಮೇಲೆ ಕಸಿ ಕಟ್ಟಲಾಗಿದೆಯೋ ಆ ಗಿಡದ್ದು. ಅದಕ್ಕೆ ಮತ್ತೆ ಕಸಿ ಕಟ್ಟಬೇಕು, ಇಲ್ಲವೇ ಹೊಸ ಗಿಡ ನೆಡಬೇಕು.

ಪ್ರಶ್ನೆ: ತೇವ ಉಳಿಯಲೆಂದು ಗಿಡಗಳ ಬುಡಕ್ಕೆ ಒಣಹುಲ್ಲಿನ ದಪ್ಪ ಹೊದಿಕೆ ಹಾಕಿದ್ದೇನೆ. ಇದರಿಂದಲೇ ಇಲಿಗಳು ಬರುತ್ತಿವೆಯೇ? ಹೊದಿಕೆಯನ್ನು ಪೂರ್ತಿ ತೆಗೆದುಬಿಡಲೇ?

ಉತ್ತರ: ಹೊದಿಕೆ ಇಲಿಗಳನ್ನು ಹುಟ್ಟಿಸುವುದಿಲ್ಲ, ಆದರೆ ಮರೆಯಲ್ಲಿ ಕುಳಿತು ತಿನ್ನಲು ಅನುಕೂಲ ಮಾಡಿಕೊಡುತ್ತದೆ. ಬಯಲಿಗೆ ಬಂದರೆ ಗೂಬೆ, ಬೆಕ್ಕು, ಮುಂಗುಸಿಗಳ ಕಣ್ಣಿಗೆ ಬೀಳುವ ಭಯ ಈ ಪ್ರಾಣಿಗಳಿಗೆ ಸದಾ ಇರುತ್ತದೆ. ಹೊದಿಕೆಯನ್ನು ಪೂರ್ತಿ ತೆಗೆಯಬೇಡಿ, ಅದರಿಂದ ಮಣ್ಣಿಗಾಗುವ ಉಪಕಾರ ದೊಡ್ಡದು. ಕಾಂಡದ ಸುತ್ತ ಒಂದು ಗೇಣಿಗೆ ಕಡಿಮೆಯಿಲ್ಲದಂತೆ ಬರಿಯ ನೆಲ ಬಿಟ್ಟು, ಅದರಾಚೆಗೆ ಹೊದಿಕೆ ಇರಲಿ. ಅದೂ ನಾಲ್ಕು ಬೆರಳಿಗಿಂತ ದಪ್ಪ ಬೇಡ. ಗಿಡದ ಸುತ್ತ ಸುಮಾರು ಒಂದು ಮೀಟರ್ ದೂರದವರೆಗೆ ಎತ್ತರದ ಹುಲ್ಲು, ಕಳೆ ಬೆಳೆಯಲು ಬಿಡಬೇಡಿ. ಬದುಗಳ ಮೇಲಿನ ಪೊದೆ, ಒಟ್ಟಿದ ಕಟ್ಟಿಗೆ, ಕಲ್ಲಿನ ರಾಶಿಗಳ ಕಡೆಗೂ ಗಮನವಿರಲಿ. ಉದುರಿದ ಹಣ್ಣುಗಳನ್ನು ದಿನವೂ ಆರಿಸಿ ತೆಗೆಯಿರಿ. ಹಿಮ ಬೀಳುವ ಪ್ರದೇಶಗಳಲ್ಲಿ ಹಿಮವೇ ಹೊದಿಕೆಯ ಕೆಲಸ ಮಾಡುತ್ತದೆ. ಅದರಡಿಯಲ್ಲಿ ವೋಲ್‌ಗಳು ಚಳಿಗಾಲವಿಡೀ ತೊಗಟೆ ತಿನ್ನುತ್ತವೆ, ಆದ್ದರಿಂದ ಅಲ್ಲಿ ಕಾಂಡದ ಕವಚ ಹಿಮದ ಮಟ್ಟಕ್ಕಿಂತ ಎತ್ತರವಿರಬೇಕು.

ಪ್ರಶ್ನೆ: ಶಬ್ದತರಂಗ ಹೊರಡಿಸಿ ಇಲಿ ಓಡಿಸುವ ಯಂತ್ರವನ್ನು ಕೊಳ್ಳಬಹುದೇ? ಬಿಲಕ್ಕೆ ಗಾಜಿನ ಚೂರು ಹಾಕಿದರೆ ಬರುವುದಿಲ್ಲವೆಂದೂ ಹೇಳುತ್ತಾರೆ.

ಉತ್ತರ: ಎರಡೂ ಬೇಡ. ಇಂತಹ ಶಬ್ದ, ಕಂಪನಗಳಿಗೆ ಇಲಿಗಳು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತವೆ, ಮತ್ತು ಶ್ರವಣಾತೀತ ಧ್ವನಿ ಮಣ್ಣನ್ನು ತೂರಿ ದೂರ ಹೋಗುವುದಿಲ್ಲ. ಗಾಜಿನ ಚೂರನ್ನು ಇಲಿ ಸುತ್ತುಹಾಕಿ ದಾಟಿಹೋಗುತ್ತದೆ. ಮುಂದೊಂದು ದಿನ ಅದು ಗಿಡದ ಬುಡ ಕೆದಕುವವರ ಕೈ ಕೊಯ್ಯುತ್ತದೆ.

ಪ್ರಶ್ನೆ: ಬೋನಿಗೆ ಬೀಳುತ್ತಿಲ್ಲ. ಪಾಷಾಣ ಇಟ್ಟರೆ ಒಮ್ಮೆಗೇ ಮುಗಿಯುತ್ತದಲ್ಲವೇ?

ಉತ್ತರ: ಒಮ್ಮೆಗೇ ಮುಗಿಯುವುದಿಲ್ಲ. ಇಲಿಗಳು ಬೇಗ ಮರಿ ಮಾಡುತ್ತವೆ. ಹಲವು ಜಾತಿಗಳಲ್ಲಿ ಗರ್ಭಾವಧಿ ಸುಮಾರು ಮೂರು ವಾರ ಮಾತ್ರ. ಖಾಲಿಯಾದ ಬಿಲಕ್ಕೆ ಪಕ್ಕದ ನೆಲದಿಂದ ಬೇರೆ ಪ್ರಾಣಿ ಬಂದು ಸೇರುವುದಕ್ಕೂ ಬಹಳ ಸಮಯ ಬೇಕಾಗುವುದಿಲ್ಲ.

ಪಾಷಾಣದ ವಿಷಯದಲ್ಲಿ ನಮ್ಮ ಮಾತು ಕಠಿಣವಾಗಿಯೇ ಇದೆ, ಏಕೆಂದರೆ ಇದರಲ್ಲಿ ಪ್ರಾಣದ ಪ್ರಶ್ನೆಯಿದೆ. ಜಿಂಕ್ ಫಾಸ್ಫೈಡ್ ಎಂಬ ಪಾಷಾಣ ಹೊಟ್ಟೆಯ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಬಿಲದೊಳಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಮಣ್ಣಿನ ತೇವ ತಗುಲಿದರೆ ಸಾಕು, ಅದೇ ಅನಿಲವನ್ನು ಬಿಡುತ್ತದೆ. ಬಿಲದ ಸುರಂಗಗಳು ಮನೆಯ ಅಡಿಪಾಯದವರೆಗೆ ಹೋಗಿರಬಹುದಾದ್ದರಿಂದ ಮನೆಯ ಹತ್ತಿರ ಇದನ್ನು ಎಂದಿಗೂ ಬಳಸಕೂಡದು. ತರಬೇತಿಯೂ ಅನುಮತಿಯೂ ಉಳ್ಳವರಲ್ಲದೆ ಬೇರೆ ಯಾರೂ ಇದನ್ನು ಮುಟ್ಟಲೇಬಾರದು. ಬ್ರೋಮಾಡಿಯೋಲೋನ್‌ನಂತಹ ಪಾಷಾಣಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆದು ಹಲವು ದಿನಗಳ ನಂತರ ಕೊಲ್ಲುತ್ತವೆ. ಆ ದಿನಗಳಲ್ಲಿ ಮಂಕಾಗಿ ಹೊರಗೆ ತಿರುಗುವ ಇಲಿಯನ್ನು ಹಿಡಿದು ತಿಂದ ಗೂಬೆ, ಬೆಕ್ಕು, ನಾಯಿಗಳಿಗೂ ವಿಷ ಸೇರುತ್ತದೆ. ಇಲಿಗಳನ್ನು ತಿನ್ನುವ ಪ್ರಾಣಿಗಳನ್ನೇ ಕೊಂದು ಇಲಿಗಳನ್ನು ಕಡಿಮೆ ಮಾಡುವುದು ಸಾಧ್ಯವಿಲ್ಲ.

ಬೋನಿಗೆ ಬೀಳದಿರಲು ಕಾರಣ ಹೆಚ್ಚಾಗಿ ಬೋನು ಇಟ್ಟ ರೀತಿಯಲ್ಲಿರುತ್ತದೆ. ಇಲಿಗಳು ಹೊಸ ವಸ್ತುವನ್ನು ಕಂಡರೆ ಹಿಂಜರಿಯುತ್ತವೆ. ಮೊದಲ ಮೂರು ನಾಲ್ಕು ದಿನ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೂ ಹೊರಗೂ ತಿನಿಸು ಇಟ್ಟು ರೂಢಿ ಮಾಡಿಸಿ. ತಿನಿಸು ಕಾಣೆಯಾಗತೊಡಗಿದ ಮೇಲೆ ಬಾಗಿಲು ಹೂಡಿ. ಸಂಜೆಯ ಪರೀಕ್ಷೆಯಲ್ಲಿ ಮತ್ತೆ ತೆರೆದ ಬಿಲದ ಪಕ್ಕದಲ್ಲಿಯೇ ಇಡಿ. ಗೋಫರ್‌ನಂತೆ ಹೊರಗೆ ಬಾರದ ಪ್ರಾಣಿಗೆ, ಮಣ್ಣಿನ ಗುಡ್ಡೆಯಿಂದ ಒಂದು ಗೇಣಿನ ಆಚೆ ಕಬ್ಬಿಣದ ಸಲಾಕೆ ಚುಚ್ಚುತ್ತ ಹೋದರೆ ಒಂದು ಕಡೆ ಅದು ತಟ್ಟನೆ ಸಡಿಲವಾಗಿ ಕೆಳಗಿಳಿಯುತ್ತದೆ. ಅಲ್ಲಿ ಮುಖ್ಯ ಸುರಂಗವಿದೆ. ಆ ಜಾಗವನ್ನು ಅಗೆದು, ಪ್ರಾಣಿ ಯಾವ ಕಡೆಯಿಂದ ಬರುವುದೆಂದು ಗೊತ್ತಿಲ್ಲವಾದ್ದರಿಂದ ಎರಡೂ ದಿಕ್ಕಿಗೆ ಒಂದೊಂದು ಸ್ಪ್ರಿಂಗ್ ಬೋನು ಇಟ್ಟು, ತಂತಿಯಿಂದ ಗೂಟಕ್ಕೆ ಕಟ್ಟಿ. ದಿನವೂ ಬೆಳಿಗ್ಗೆ ತಪ್ಪದೆ ನೋಡಿ, ಏಕೆಂದರೆ ಸಿಕ್ಕ ಪ್ರಾಣಿಯನ್ನು ನರಳಲು ಬಿಡುವುದು ತರವಲ್ಲ. ಸತ್ತ ಇಲಿಯನ್ನಾಗಲಿ ಬೋನನ್ನಾಗಲಿ ಬರಿಗೈಯಿಂದ ಮುಟ್ಟಬೇಡಿ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ.

ಪ್ರಶ್ನೆ: ಗೂಬೆಗಳಿಗೆ ಗೂಡುಪೆಟ್ಟಿಗೆ ಕಟ್ಟಿದರೆ ಇಷ್ಟೆಲ್ಲ ಬೇಕೇ?

ಉತ್ತರ: ಕಟ್ಟಿ, ಖಂಡಿತವಾಗಿ ಕಟ್ಟಿ. ಕಣಜ ಗೂಬೆಯ ಆಹಾರದಲ್ಲಿ ಬಹುಪಾಲು ಇಲಿ ಜಾತಿಯ ಪ್ರಾಣಿಗಳೇ. ಮಲೇಷ್ಯಾದ ಎಣ್ಣೆತಾಳೆ ತೋಟಗಳಲ್ಲಿಯೂ, ಇಸ್ರೇಲಿನ ಹೊಲಗಳಲ್ಲಿಯೂ 1980ರ ದಶಕದಿಂದ ಇವುಗಳಿಗೆ ಪೆಟ್ಟಿಗೆಗಳನ್ನು ಇಟ್ಟು ಇಲಿಗಳನ್ನು ಹತೋಟಿಯಲ್ಲಿಡುವ ಪ್ರಯತ್ನ ನಡೆದಿದೆ. ಆದರೆ ಗೂಬೆ ವಿಶಾಲವಾದ ಪ್ರದೇಶದಲ್ಲಿ ಇಲಿಗಳ ಸಂಖ್ಯೆಯನ್ನು ತಗ್ಗಿಸಬಲ್ಲುದೇ ಹೊರತು, ನಿಮ್ಮ ಹತ್ತು ಗಿಡಗಳಿಗೆ ಕಾವಲು ಕೂರಲಾರದು. ಹೊರಗೆ ಬಾರದೆ ಸುರಂಗದಲ್ಲಿಯೇ ಬೇರು ತಿನ್ನುವ ಪ್ರಾಣಿ ಗೂಬೆಯ ಕಣ್ಣಿಗೆ ಬೀಳುವುದೇ ಕಡಿಮೆ. ಕೇರೆಹಾವು ಮಾತ್ರ ಬಿಲದೊಳಗೂ ನುಗ್ಗಿ ಇಲಿಯನ್ನು ಹಿಡಿಯುತ್ತದೆ. ವಿಷವಿಲ್ಲದ ಈ ಹಾವನ್ನು ತೋಟದಲ್ಲಿ ಕಂಡರೆ ಅದರ ಪಾಡಿಗೆ ಬಿಡಿ.

ಪ್ರಶ್ನೆ: ಗಿಡಗಳನ್ನು ಜಾಲರಿಯಿಲ್ಲದೆ ಕಳೆದ ವರ್ಷವೇ ನೆಟ್ಟಾಗಿದೆ. ಈಗ ಸುತ್ತಲೂ ಬಿಲಗಳು ಕಾಣಿಸುತ್ತಿವೆ. ಕಿತ್ತು ಬುಟ್ಟಿಯಲ್ಲಿ ಮತ್ತೆ ನೆಡಬೇಕೇ?

ಉತ್ತರ: ಕೀಳಬೇಡಿ. ಒಂದು ವರ್ಷ ಬೇರೂರಿದ ಗಿಡವನ್ನು ಕಿತ್ತರೆ ಇಲಿ ತಿನ್ನಬಹುದಾದಷ್ಟು ಬೇರನ್ನು ನಾವೇ ಕಡಿದಂತಾಗುತ್ತದೆ. ಬದಲಿಗೆ ಗಿಡದಿಂದ ಸುಮಾರು 50 ಸೆಂಟಿಮೀಟರ್ ದೂರದಲ್ಲಿ ಸುತ್ತಲೂ 60 ಸೆಂಟಿಮೀಟರ್ ಆಳದ ಕಿರಿದಾದ ಕಂದಕ ತೋಡಿ, ಜಾಲರಿಯನ್ನು ಗೋಡೆಯಂತೆ ನಿಲ್ಲಿಸಿ. ಅದರ ಕೆಳಗಿನ ಒಂದು ಗೇಣು ಭಾಗವನ್ನು ಹೊರಕ್ಕೆ ಮಡಚಿ ಹೂತರೆ, ಗೋಡೆಯ ಪಕ್ಕದಲ್ಲಿ ಕೆಳಗಿಳಿಯುತ್ತ ಅಗೆಯುವ ಪ್ರಾಣಿಗೆ ಆ ಮಡಿಕೆ ಅಡ್ಡ ಬರುತ್ತದೆ. ತಳದಲ್ಲಿ ಜಾಲರಿ ಇಲ್ಲದಿರುವುದರಿಂದ ಇದು ಬುಟ್ಟಿಯಷ್ಟು ಭದ್ರವಲ್ಲ. ಆದರೆ ಈ ಪ್ರಾಣಿಗಳು ಆಹಾರಕ್ಕಾಗಿ ತೋಡುವ ಸುರಂಗಗಳು ಹೆಚ್ಚಾಗಿ ನೆಲದ ಮೇಲ್ಪದರದಲ್ಲಿಯೇ ಇರುವುದರಿಂದ ಬಹಳಷ್ಟು ಹಾನಿ ತಪ್ಪುತ್ತದೆ. ಕಂದಕ ತೋಡುವ ಮೊದಲು ಆ ವೃತ್ತದ ಒಳಗೆ ಪ್ರಾಣಿಯಿಲ್ಲವೆಂದು ಸಂಜೆಯ ಪರೀಕ್ಷೆಯಿಂದ ಖಚಿತಮಾಡಿಕೊಳ್ಳಿ. ಇದ್ದರೆ ಹಿಡಿದ ಮೇಲೆಯೇ ಗೋಡೆ ಕಟ್ಟಿ. ತೋಡುವಾಗ ಅಡ್ಡ ಬಂದ ಬೇರುಗಳನ್ನು ಸನಿಕೆಯಿಂದ ಜಜ್ಜದೆ ಕತ್ತರಿಯಿಂದ ನೇರವಾಗಿ ಕತ್ತರಿಸಿ, ಇಡೀ ವೃತ್ತವನ್ನು ಒಂದೇ ದಿನ ತೋಡದೆ ಅರ್ಧ ಭಾಗವನ್ನು ಈಗ, ಉಳಿದರ್ಧವನ್ನು ಕೆಲವು ವಾರಗಳ ನಂತರ ಮಾಡಿದರೆ ಗಿಡಕ್ಕೆ ತೊಂದರೆ ಕಡಿಮೆ.

ಇದರ ಜೊತೆಗೆ ಕಾಂಡಕ್ಕೂ ಒಂದು ಕವಚ ಬೇಕು. ಕಾಲು ಅಂಗುಲ ಕಣ್ಣಿನ ಜಾಲರಿಯನ್ನು ಕಾಂಡಕ್ಕೆ ತಾಗದಂತೆ, ಎಲ್ಲ ಕಡೆ ನಾಲ್ಕು ಬೆರಳು ಬಿಟ್ಟು ಕೊಳವೆಯಾಗಿ ಸುತ್ತಿ, ಐದಾರು ಸೆಂಟಿಮೀಟರ್ ಮಣ್ಣಿನೊಳಗೆ ಇಳಿಸಿ, 45 ಸೆಂಟಿಮೀಟರ್ ಎತ್ತರ ಬರುವಂತೆ ನಿಲ್ಲಿಸಿ. ಕವಚದ ಒಳಗೆ ತರಗೆಲೆ, ಕಳೆ ತುಂಬಿಕೊಂಡರೆ ಇಲಿಗಲ್ಲದಿದ್ದರೂ ಕಾಂಡ ಕೊರೆಯುವ ಹುಳುಗಳಿಗೆ ಅದು ಮನೆಯಾಗುತ್ತದೆ. ತಿಂಗಳಿಗೊಮ್ಮೆ ತೆಗೆದು ಸ್ವಚ್ಛಮಾಡಿ. ವರ್ಷಕ್ಕೊಮ್ಮೆ ಕಾಂಡದ ದಪ್ಪ ನೋಡಿಕೊಂಡು ಕಟ್ಟುತಂತಿ ಬಿಚ್ಚಿ ಕವಚವನ್ನು ಅಗಲಿಸಿ. ಬೇರಿನ ಜಾಲ ಹರಡಿ, ಅದರ ಒಂದು ಭಾಗವನ್ನು ಕಳೆದುಕೊಂಡರೂ ಮರ ತಾಳಿಕೊಳ್ಳುವ ಹಂತಕ್ಕೆ ಬರಲು ಹೆಚ್ಚಿನ ಹಣ್ಣಿನ ಗಿಡಗಳಿಗೆ ಮೂರರಿಂದ ಐದು ವರ್ಷ ಬೇಕು. ಅಲ್ಲಿಯವರೆಗೆ ಪ್ರತಿ ಮಳೆಯ ನಂತರ ಗೋಡೆಯ ಮೇಲಂಚು ಮಣ್ಣಿನಲ್ಲಿ ಹೂತುಹೋಗಿಲ್ಲವೆಂದು ನೋಡಿಕೊಳ್ಳಿ. ಅಂಚು ನೆಲಕ್ಕೆ ಸಮವಾದರೆ ಇಲಿ ಅಗೆಯುವ ಗೋಜಿಲ್ಲದೆ ಮೇಲಿನಿಂದಲೇ ಒಳಗೆ ನಡೆದುಬರುತ್ತದೆ.